ರಮಝಾನ್ ಮುಗಿದ ಮೇಲಿನ ತಟ್ಟೆ

ಶವ್ವಾಲ್ ತಿಂಗಳ ಎರಡನೇ ಶುಕ್ರವಾರ ಖುತ್ಬಾಕ್ಕೆ ಮುಂಚಿನ ಕನ್ನಡ ಪ್ರವಚನದಲ್ಲಿ ಊಟದ ವಿಷಯ ಎತ್ತಿಕೊಂಡಿದ್ದೆವು. ನಮಾಝ್ ಮುಗಿದ ಮೇಲೆ ಹಲವರು ಮಿಹ್ರಾಬಿನ ಬಳಿ ಬಂದು ಮತ್ತಷ್ಟು ಕೇಳಿದರು. ಅಂದು ಹೇಳಿದ್ದನ್ನೂ, ಸಮಯ ಸಾಲದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ವಿಷಯ ಹುಟ್ಟಿದ್ದು ಒಬ್ಬ ಹಿರಿಯರ ಪ್ರಶ್ನೆಯಿಂದ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರು, ಐದು ಹೊತ್ತೂ ಮೊದಲ ಸಫ್‌ನಲ್ಲಿ ನಿಲ್ಲುವವರು. ಪೆರ್ನಾಲಿನ ನಾಲ್ಕನೇ ದಿನ ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ ಹಿಡಿದುಕೊಂಡು ಬಂದರು. “ಉಸ್ತಾದರೇ, ಮೂವತ್ತು ದಿನ ಹಗಲು ಒಂದು ಹನಿ ನೀರು ಮುಟ್ಟದವನು ನಾನು. ಪೆರ್ನಾಲಿನ ದಿನ ಎದುರಿಗಿಟ್ಟ ಹಲ್ವ ಬಿಡಲು ಆಗಲಿಲ್ಲ. ಆಮೇಲೆ ದಿನವೂ ಹಾಗೆಯೇ. ಇದು ಈಮಾನಿನ ಕೊರತೆಯಾ?” ಎಂದು ಕೇಳಿದರು. ಕೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಅಲ್ಲ ಎಂದೆವು. ಆದರೆ ಅಲ್ಲ ಎಂದರೆ ಸಾಲದು, ಏಕೆ ಅಲ್ಲ ಎಂದೂ ಹೇಳಬೇಕು.

ಉಪವಾಸ ಹಿಡಿಯುವುದು ನಮ್ಮೊಬ್ಬರ ಶಕ್ತಿಯಿಂದಲ್ಲ. ಇಡೀ ಊರು ನಮ್ಮ ಜೊತೆಗಿರುತ್ತದೆ. ಮನೆಯಲ್ಲಿ ಹಗಲು ಒಲೆ ಉರಿಯುವುದಿಲ್ಲ, ಪಕ್ಕದ ಅಂಗಡಿಯವನೂ ಚಹಾ ಕೊಡುವುದಿಲ್ಲ, ಏಳು ವರ್ಷದ ಮಗುವೂ ಅರ್ಧ ದಿನ ಹಿಡಿಯುತ್ತೇನೆ ಎಂದು ಹಟ ಮಾಡುತ್ತದೆ. ಸುಬ್‌ಹಿಯಿಂದ ಮಗ್‌ರಿಬ್‌ವರೆಗೆ ಎಂಬ ಗಡಿಯಲ್ಲಿ ಸಂಶಯವೇ ಇಲ್ಲ. ಅಝಾನ್ ಆಯಿತೆಂದರೆ ಮುಗಿಯಿತು. ವೈದ್ಯರು ಹೇಳುವ ಪಥ್ಯಕ್ಕೆ ಅಝಾನ್ ಇಲ್ಲ. ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಿಲ್ಲ. ಎಲ್ಲರೂ ತಿನ್ನುತ್ತಿರುವಾಗ ಒಬ್ಬನೇ ಬಿಡಬೇಕು. ಅದೂ ಮೂವತ್ತು ದಿನವಲ್ಲ, ಬದುಕಿರುವವರೆಗೆ. ಎರಡೂ ಬೇರೆ ಬೇರೆ ಕೆಲಸ. ಒಂದರಲ್ಲಿ ಗೆದ್ದವರು ಇನ್ನೊಂದರಲ್ಲಿ ಸೋತರೆ ಆಶ್ಚರ್ಯವಿಲ್ಲ.

ಇನ್ನೊಂದು ಮಾತು ಸ್ವಲ್ಪ ಕಹಿ. ರಮಝಾನಿನಲ್ಲಿ ನಮ್ಮ ಊಟದ ಹೊತ್ತು ಬದಲಾಗುತ್ತದೆ, ತಟ್ಟೆ ಬದಲಾಗುವುದಿಲ್ಲ. ಬದಲಾದರೂ ಕೆಟ್ಟ ಕಡೆಗೆ. ಖರ್ಜೂರ, ನೀರು, ಒಂದು ಲೋಟ ಜೀರಿಗೆ ಗಂಜಿ, ಇಷ್ಟರಲ್ಲಿ ಮುಗಿಯಬೇಕಾದ ಇಫ್ತಾರ್‌ಗೆ ಸಮೋಸ, ಕಟ್ಲೆಟ್, ಬಣ್ಣದ ಶರಬತ್ತು ಸೇರುತ್ತವೆ. ತರಾವೀಹ್ ಮುಗಿದ ಮೇಲೆ ತುಪ್ಪದನ್ನ. ತಿಂಗಳ ಕಿರಾಣಿ ಬಿಲ್ಲು ಶಅಬಾನಿಗಿಂತ ರಮಝಾನಿನಲ್ಲಿ ಹೆಚ್ಚಾಗುವ ಮನೆ ಎಷ್ಟಿವೆ ಎಂದು ಮಿಂಬರ್ ಹತ್ತಿರ ನಿಂತು ಕೇಳಿದಾಗ ಎಲ್ಲರೂ ನಕ್ಕರು. ಎಲ್ಲ ಮನೆಯೂ ಅದೇ ಎಂದರ್ಥ.

ಹಿರಿಯರ ಚೀಟಿಯಲ್ಲಿದ್ದದ್ದು ಎಚ್‌ಬಿಎ1ಸಿ ಎಂಬ ಪರೀಕ್ಷೆ. ಅದು ಆ ದಿನ ಬೆಳಿಗ್ಗೆಯ ಸಕ್ಕರೆ ಹೇಳುವುದಿಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಪಥ್ಯ ಮಾಡಿ ವೈದ್ಯರನ್ನು ಸಮಾಧಾನಪಡಿಸುವ ನಮ್ಮ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು ಎಂದು ತಿಳಿಯಿತು. ಅಂದು ನಮ್ಮ ಸಫ್‌ಗಳ ಕಡೆ ನೋಡಿದಾಗ, ಮಾತ್ರೆ ನುಂಗುವ ಎಷ್ಟೋ ಮುಖಗಳು ನಮಗೇ ಗುರುತು ಸಿಕ್ಕವು.

ಪಥ್ಯ ಏಕೆ ನಿಲ್ಲುವುದಿಲ್ಲ? ದೇಹವೂ ಅದಕ್ಕೆ ಅಡ್ಡ ನಿಲ್ಲುತ್ತದೆ. ಮೆಲ್ಬರ್ನಿನ ವೈದ್ಯರು ತೂಕ ಹೆಚ್ಚಿದ್ದ 50 ಜನರಿಗೆ ಹತ್ತು ವಾರ ಬಹಳ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿ, ಒಂದು ವರ್ಷ ಕಳೆದ ಮೇಲೆ ಅವರ ರಕ್ತ ಪರೀಕ್ಷಿಸಿದರು. ಹಸಿವು ಹೆಚ್ಚಿಸುವ ಹಾರ್ಮೋನು ಆಗಲೂ ಮೊದಲಿಗಿಂತ ಹೆಚ್ಚಾಗಿಯೇ ಇತ್ತು, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನುಗಳು ಕಡಿಮೆ ಇದ್ದವು. 2011ರಲ್ಲಿ ಇದು ಪ್ರಕಟವಾಯಿತು. ಅಂದರೆ ಅವಸರದಲ್ಲಿ ಹತ್ತು ಕಿಲೋ ಇಳಿಸಿದವನ ದೇಹ ವರ್ಷವಾದರೂ ಆ ಹತ್ತು ಕಿಲೋ ವಾಪಸು ಕೇಳುತ್ತಲೇ ಇರುತ್ತದೆ. ಅವನಿಗೆ ನಿಜವಾಗಿಯೂ ಹಸಿವಾಗುತ್ತದೆ, ನಟನೆಯಲ್ಲ. ಮತ್ತೆ ದಪ್ಪಗಾದವರನ್ನು ಮದುವೆ ಮನೆಯಲ್ಲಿ ಎಲ್ಲರೆದುರು ತಮಾಷೆ ಮಾಡುವ ಸಹೋದರರು ಇದನ್ನು ನೆನಪಿಡಬೇಕು. ಒಬ್ಬ ಮುಸ್ಲಿಮನ ಮನಸ್ಸು ನೋಯಿಸಿದ್ದಕ್ಕೂ ಲೆಕ್ಕವಿದೆ.

ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಹದೀಸ್ ನಮಗೆಲ್ಲ ಬಾಯಿಪಾಠ. ಮಿಖ್‌ದಾಮ್(ರ) ವರದಿ ಮಾಡಿದ್ದು, ತಿರ್ಮಿದಿಯಲ್ಲಿದೆ. ನಾವೂ ಎಷ್ಟೋ ಸಲ ಅದನ್ನು ವಿವರಿಸಿ, ಪ್ರವಚನ ಮುಗಿಸಿ, ನೇರವಾಗಿ ಬಿರಿಯಾನಿಯ ಮುಂದೆ ಕುಳಿತಿದ್ದೇವೆ. ತಿಳಿವಳಿಕೆಯ ಕೊರತೆ ಇಲ್ಲಿಲ್ಲ. ಆದ್ದರಿಂದ ಈ ಸಲ ಆ ಹದೀಸಿಗಿಂತ ಹೆಚ್ಚಾಗಿ ಇನ್ನೊಂದು ಘಟನೆಯ ಬಗ್ಗೆ ಹೇಳಿದೆವು.

ಅಬ್ದುಲ್ಲಾ ಇಬ್ನು ಅಮ್ರ್(ರ) ಯುವಕರಾಗಿದ್ದಾಗ ದಿನವೂ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ನಿಶ್ಚಯಿಸಿದ್ದರು. ಪ್ರವಾದಿ(ಸ) ಅವರನ್ನು ಕರೆದು ವಿಚಾರಿಸಿ, ದೇಹಕ್ಕೂ ಕಣ್ಣಿಗೂ ಹೆಂಡತಿಗೂ ಹಕ್ಕಿದೆ ಎಂದು ತಿಳಿಸಿ, ತಿಂಗಳಿಗೆ ಮೂರು ಉಪವಾಸ ಸಾಕೆಂದರು. ನನಗೆ ಇನ್ನೂ ಹೆಚ್ಚು ಶಕ್ತಿಯಿದೆ ಎಂದು ಅಬ್ದುಲ್ಲಾ(ರ) ಚೌಕಾಸಿಗೆ ನಿಂತರು. ಕೊನೆಗೆ ದಿನಬಿಟ್ಟು ದಿನ ಎಂಬಲ್ಲಿಗೆ ಬಂದು ನಿಂತಿತು. ವರ್ಷಗಳು ಕಳೆದವು. ಮುದುಕರಾದಾಗ ಆ ಲೆಕ್ಕ ಭಾರವಾಯಿತು. ಪ್ರವಾದಿ(ಸ) ಕೊಟ್ಟ ರಿಯಾಯಿತಿಯನ್ನು ಅಂದೇ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಅವರು ಹಳಹಳಿಸಿದ್ದು ಬುಖಾರಿಯಲ್ಲಿದೆ.

ಈ ಘಟನೆಯ ಕೊನೆಯ ಭಾಗವನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಶಕ್ತಿ ಕುಂದಿದಾಗ ಅವರು ಏನು ಮಾಡುತ್ತಿದ್ದರು? ಕೆಲವು ದಿನ ಸಾಲಾಗಿ ಉಪವಾಸ ಬಿಟ್ಟು, ಬಿಟ್ಟ ದಿನಗಳನ್ನು ಎಣಿಸಿಟ್ಟುಕೊಂಡು, ಸುಧಾರಿಸಿದ ಮೇಲೆ ಅಷ್ಟೇ ದಿನ ಹಿಡಿಯುತ್ತಿದ್ದರು. ಪೂರ್ತಿ ಕೈಬಿಡಲಿಲ್ಲ. ಉತ್ಸಾಹದ ದಿನ ಹಾಕಿಕೊಂಡ ಹೊರೆಯನ್ನು ದಣಿದ ದಿನ ಹೊರಬೇಕಾಗುತ್ತದೆ ಎಂಬುದು ಸಹಾಬಿಯ ಅನುಭವ. ನಾವು ಮುಹರ್ರಮ್ ಒಂದಕ್ಕೆ ಅನ್ನ, ಸಕ್ಕರೆ, ಮೈದಾ, ಮಾಂಸ ನಾಲ್ಕನ್ನೂ ಒಟ್ಟಿಗೆ ಬಿಡುತ್ತೇವೆ ಎಂದು ಘೋಷಿಸಿ ಮುಹರ್ರಮ್ ಹತ್ತಕ್ಕೆ ಎಲ್ಲವನ್ನೂ ತಿನ್ನುತ್ತೇವೆ.

ನಮ್ಮ ಅನುಭವವನ್ನೂ ಹೇಳಬೇಕು, ಬೇರೆಯವರಿಗೆ ಮಾತ್ರ ಉಪದೇಶ ಸರಿಯಲ್ಲ. ನಮ್ಮ ಕಡೆ ಮಸೀದಿಯ ಉಸ್ತಾದರಿಗೆ ಊಟ ಮನೆಗಳಿಂದ ಸರದಿಯಂತೆ ಬರುತ್ತದೆ. ಉಸ್ತಾದರ ಸರದಿ ಬಂದ ದಿನ ಯಾವ ಮನೆಯಲ್ಲೂ ಕುಚ್ಚಲಕ್ಕಿ ಗಂಜಿ, ಚಟ್ನಿ ಮಾಡುವುದಿಲ್ಲ. ಕೋಳಿ, ಪತ್ತಿರ್, ತುಪ್ಪದನ್ನ. ಅವರಿಗೆ ಅದು ತಿಂಗಳಿಗೊಮ್ಮೆ, ನಮಗೆ ದಿನಾ. ಮೇಲಿಂದ ನಿಕಾಹ್, ಅಖೀಖಾ, ಗೃಹಪ್ರವೇಶ. ನಾಲ್ಕು ವರ್ಷಗಳ ಹಿಂದೆ ವೈದ್ಯರು ಗಡಿಯಲ್ಲಿದ್ದೀರಿ ಎಂದಾಗ ಅನ್ನವನ್ನು ಪೂರ್ತಿ ಬಿಟ್ಟೆವು. ನಲವತ್ತು ದಿನ ನಡೆಯಿತು. ಒಂದು ನಿಕಾಹ್‌ನಲ್ಲಿ ಮನೆಯ ಯಜಮಾನರು ಕೈಯಾರೆ ಬಡಿಸಿದರು, ಬೇಡವೆನ್ನಲು ಬಾಯಿ ಬರಲಿಲ್ಲ. ಆ ರಾತ್ರಿಯಿಂದ ಎಲ್ಲ ಹಳೆಯ ದಾರಿಗೆ ಬಂತು, ಮೊದಲಿಗಿಂತ ಜೋರಾಗಿ.

ಎರಡನೇ ಸಲ ನಾವು ಮಾಡಿದ್ದು ಇಷ್ಟೇ: ಸರದಿಯ ಮನೆಗಳಿಗೆ ಹೇಳಿ ಕಳುಹಿಸಿದೆವು. ಮೀನಿನ ಸಾರು, ಹರಿವೆಯೋ ಅಲಸಂಡೆಯೋ ಯಾವುದಾದರೂ ಪಲ್ಯ, ಒಂದು ಸಣ್ಣ ಬಟ್ಟಲು ಕುಚ್ಚಲಕ್ಕಿ ಅನ್ನ ಸಾಕು ಎಂದು. ಇಷ್ಟು ಹೇಳಲು ನಾಚಿಕೆಯಿಂದ ಮೂರು ವಾರ ಬೇಕಾಯಿತು. ಮನೆಯವರು ಬೇಸರಪಡುತ್ತಾರೆ ಎಂದುಕೊಂಡಿದ್ದೆವು. ಆದರೆ ಒಬ್ಬ ತಾಯಿ ಮಗನ ಕೈಯಲ್ಲಿ ಹೇಳಿ ಕಳಿಸಿದರು: ಉಸ್ತಾದರು ಮೊದಲೇ ಹೇಳಬಹುದಿತ್ತು, ತಿಂಗಳ ಕೊನೆಯಲ್ಲಿ ಸರದಿ ಬಂದರೆ ಕೋಳಿಗೆ ಸಾಲ ಮಾಡುತ್ತಿದ್ದೆವು. ಅಂದು ನಮಗೆ ಊಟ ಇಳಿಯಲಿಲ್ಲ. ನಾವು ಮುಜುಗರದಿಂದ ತಿನ್ನುತ್ತಿದ್ದೆವು, ಅವರು ಮುಜುಗರದಿಂದ ಬೇಯಿಸುತ್ತಿದ್ದರು.

ಅತಿಥಿ ಸತ್ಕಾರ ಸುನ್ನತ್ ಹೌದು. ಬಡಿಸಿದ್ದನ್ನು ಬಲವಂತವಾಗಿ ತಿನ್ನಿಸುವುದು ಸುನ್ನತ್ ಅಲ್ಲ. ಪ್ರವಾದಿ(ಸ) ಯಾವ ಆಹಾರವನ್ನೂ ಹಳಿದವರಲ್ಲ; ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು. ಈ ಬಿಡುವ ಸ್ವಾತಂತ್ರ್ಯವನ್ನು ನಮ್ಮ ಅತಿಥಿಗೂ ಕೊಡೋಣ.

ಮನೆಯ ಅಡುಗೆಯ ವಿಷಯಕ್ಕೆ ಬರೋಣ. ಅಬ್ಬನಿಗೆ ಬೇರೆ ಪಾತ್ರೆ, ಮಕ್ಕಳಿಗೆ ಬೇರೆ ಪಾತ್ರೆ ಎಂದಾದ ಮನೆಯಲ್ಲಿ ಪಥ್ಯ ಹೆಚ್ಚು ಕಾಲ ಉಳಿಯುವುದನ್ನು ನಾವು ನೋಡಿಲ್ಲ. ಎರಡು ಅಡುಗೆಯ ಭಾರ ಹೊರುವವಳು ಒಬ್ಬಳೇ ಹೆಂಗಸು. ಆಕೆಗೆ ಜ್ವರ ಬಂದ ದಿನ ಪಥ್ಯವೂ ಮಲಗುತ್ತದೆ. ಅವಳಿಗೇ ಸಕ್ಕರೆ ಕಾಯಿಲೆಯಿದ್ದರಂತೂ ತನಗಾಗಿ ಇನ್ನೊಂದು ಪಾತ್ರೆ ಇಡುವುದೇ ಇಲ್ಲ, ಮಕ್ಕಳು ಬಿಟ್ಟದ್ದನ್ನು ತಿಂದು ಮುಗಿಸುತ್ತಾಳೆ. ಗಂಡಸರು ಇದನ್ನು ಗಮನಿಸಬೇಕು. ಉಪಾಯ ಒಂದೇ, ಎಲ್ಲರ ಪಾತ್ರೆಯೂ ಸ್ವಲ್ಪ ಬದಲಾಗುವುದು. ಕಾಯಿಲೆಯವರಿಗೆ ಒಳ್ಳೆಯದಾದ ತೊಂಡೆಕಾಯಿ, ನುಗ್ಗೆಸೊಪ್ಪು, ಹುರುಳಿ, ಬೂತಾಯಿ ಮಕ್ಕಳಿಗೂ ಒಳ್ಳೆಯದೇ.

ಎಲ್ಲಿಂದ ಶುರು ಮಾಡುವುದು? ಅಲ್ಲಾಹನಿಗೆ ಪ್ರಿಯವಾದ ಕರ್ಮ ಸಣ್ಣದಾದರೂ ಬಿಡದೆ ಮಾಡುವಂಥದ್ದು ಎಂದು ಆಯಿಶಾ(ರ) ವರದಿ ಮಾಡಿದ ಹದೀಸ್ ತಿಳಿಸುತ್ತದೆ. ನಾವು ಹಿರಿಯರಿಗೆ ಹೇಳಿದ್ದು ಚಹಾದ ಲೆಕ್ಕ. ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ನಾಲ್ಕು ಗ್ರಾಂ ಎಂದರೂ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೇ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಹಲ್ವದ ವಿಷಯ ಆಮೇಲೆ ನೋಡೋಣ, ಮೊದಲು ಒಂದು ಚಮಚ ಕಡಿಮೆ ಮಾಡಿ, ಎರಡು ತಿಂಗಳು ಬೇರೆ ಏನೂ ಬೇಡ ಎಂದೆವು.

ಎರಡು ತಿಂಗಳು ಏಕೆ? ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಜನರಿಗೆ ತಿನ್ನುವುದು, ಕುಡಿಯುವುದು, ನಡೆಯುವುದು ಇಂಥ ಒಂದೊಂದು ಹೊಸ ರೂಢಿ ಆರಿಸಿಕೊಳ್ಳಲು ಹೇಳಿ ಗಮನಿಸಿದರು. ಯೋಚಿಸದೆ ತಾನಾಗಿ ಆಗುವ ಹಂತಕ್ಕೆ ಬರಲು ಸಾಮಾನ್ಯವಾಗಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತು ಎಂಬ ಲೆಕ್ಕ ಬಂತು. ರಮಝಾನ್ ಒಂದರಿಂದ ಎಣಿಸಿದರೆ ಶವ್ವಾಲ್ ಪೂರ್ತಿ ಕಳೆದು ದುಲ್‌ಖಅದ್‌ನ ಮೊದಲ ವಾರಕ್ಕೆ 66 ಆಗುತ್ತದೆ. ನಾವು ಪೆರ್ನಾಲಿನ ದಿನವೇ ಸೋತೆವೆಂದು ಅಳುತ್ತೇವೆ, ಅಂದು ಇನ್ನೂ ಅರ್ಧ ದಾರಿಯೂ ಆಗಿರುವುದಿಲ್ಲ. ಅದೇ ಅಧ್ಯಯನದಲ್ಲಿ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೆಚ್ಚಿನ ತೊಂದರೆ ಆಗಲಿಲ್ಲ ಎಂಬುದೂ ಕಂಡುಬಂತು.

ಕೆಡಿಸುವುದು ತಪ್ಪಿದ ದಿನವಲ್ಲ, ಹೇಗೂ ಕೆಟ್ಟಿತಲ್ಲ, ಇನ್ನು ತಿಂದೇಬಿಡೋಣ ಎಂಬ ಯೋಚನೆ. ಇದಕ್ಕೆ ಫಿಖ್‌ಹ್‌ನಲ್ಲಿ ಒಂದು ನಿಯಮ ನೆನಪಾಗುತ್ತದೆ. ಕಾರಣವಿಲ್ಲದೆ ರಮಝಾನಿನ ಉಪವಾಸ ಮುರಿದವನು ಆ ದಿನದ ಉಳಿದ ಹೊತ್ತೂ ಅನ್ನ ನೀರು ಬಿಟ್ಟೇ ಇರಬೇಕು. ಉಪವಾಸ ಹೋಯಿತು, ಖಝಾ ಬಾಕಿಯಾಯಿತು. ಆದರೂ ಮಗ್‌ರಿಬ್‌ವರೆಗೆ ತಿನ್ನಲು ಪರವಾನಗಿ ಸಿಗಲಿಲ್ಲ. ಮದರಸದಲ್ಲಿ ಇದನ್ನು ಓದುವಾಗ ಶಿಕ್ಷೆ ಎಂದುಕೊಂಡಿದ್ದೆವು. ಈಗ ನಲವತ್ತು ದಾಟಿದ ಮೇಲೆ ಬೇರೆ ಥರ ಕಾಣುತ್ತದೆ. ಮಧ್ಯಾಹ್ನ ಬಿರಿಯಾನಿ ಜಾಸ್ತಿಯಾಯಿತೇ? ರಾತ್ರಿಯ ಊಟ ಇನ್ನೂ ನಮ್ಮ ಕೈಯಲ್ಲೇ ಇದೆ.

ಒಂದು ಎಚ್ಚರಿಕೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಉತ್ಸಾಹದಿಂದ ಒಮ್ಮೆಲೇ ಊಟ ಕಡಿಮೆ ಮಾಡಬಾರದು, ಶವ್ವಾಲಿನ ಆರು ಉಪವಾಸಗಳನ್ನೂ ವೈದ್ಯರನ್ನು ಕೇಳದೆ ಹಿಡಿಯಬಾರದು. ಸಕ್ಕರೆ ತೀರಾ ಇಳಿದು ಬೆವರಿ, ಕೈನಡುಗಿ, ಪ್ರಜ್ಞೆ ತಪ್ಪಬಹುದು. ಹಾಗೆ ಲಕ್ಷಣ ಕಂಡರೆ ಉಪವಾಸವಿದ್ದರೂ ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಕಾಯಿಲೆಯವರಿಗೆ ಕುರ್‌ಆನ್ ರಮಝಾನಿನಲ್ಲೇ ವಿನಾಯಿತಿ ಕೊಟ್ಟಿರುವಾಗ ಐಚ್ಛಿಕ ಉಪವಾಸದಲ್ಲಿ ಹಟ ಏಕೆ?

ಪ್ರವಚನದ ಬಳಿಕ ಕಮಿಟಿಯವರು ಒಂದು ಸಣ್ಣ ಬದಲಾವಣೆ ಮಾಡಿದ್ದಾರೆ. ಗುರುವಾರ ರಾತ್ರಿಯ ಸ್ವಲಾತ್ ಮಜ್ಲಿಸ್‌ನ ಚಹಾವನ್ನು ಈಗ ಸಕ್ಕರೆ ಹಾಕದೆ ಮಾಡಿ, ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಇಡುತ್ತಾರೆ. ಮೊದಲ ವಾರ ಬಟ್ಟಲು ಎರಡು ಸಲ ಖಾಲಿಯಾಯಿತು, ಗೊಣಗಾಟವೂ ಕೇಳಿಸಿತು. ಕಳೆದ ಗುರುವಾರ ಒಂದೇ ಸಲ ತುಂಬಿಸಿದರು. ಹಿರಿಯರು ತಮ್ಮ ಲೋಟಕ್ಕೆ ಒಂದು ಚಮಚ ಹಾಕಿ, ನಮ್ಮ ಕಡೆ ನೋಡಿ, ಬಟ್ಟಲನ್ನು ಪಕ್ಕದವರಿಗೆ ದಾಟಿಸಿದರು. ಅವರ ಮುಂದಿನ ರಕ್ತಪರೀಕ್ಷೆ ಮುಹರ್ರಮ್‌ನಲ್ಲಿದೆ.