ಹಕ್ಕಿಲ್ಲದ ಬಾಧ್ಯರು

1

ಬೀದರ ಕಡೆಯ ನಮ್ಮ ಕೇರಿಯ ಚರ್ಚಿನಲ್ಲಿ ಚಿಕ್ಕವನಿದ್ದಾಗ ಪದೇ ಪದೇ ಕಿವಿಗೆ ಬೀಳುತ್ತಿದ್ದ ಒಂದು ಶಬ್ದ 'ಸ್ವಾಸ್ತ್ಯ'. ಅದು ಆರೋಗ್ಯಕ್ಕೆ ಸಂಬಂಧಪಟ್ಟದ್ದು ಅಂತ ಬಹಳ ದಿನ ತಿಳಿದಿದ್ದೆ. ಜ್ವರ ಬಂದವರ ತಲೆ ಮೇಲೆ ಕೈಯಿಟ್ಟು ಪಾದ್ರಿಗಳು ಪ್ರಾರ್ಥನೆ ಮಾಡುತ್ತಿದ್ದರಲ್ಲ, ಅದಕ್ಕೆ. ಒಂದು ದಿನ ಮುತ್ಯಾನನ್ನು ಕೇಳಿದೆ. "ಸ್ವಾಸ್ತ್ಯ ಅಂದ್ರ ಹೊಲ ಇದ್ದಂಗ. ಅಪ್ಪನ ಕೈಲಿಂದ ಮಗನ ಕೈಗಿ ಬರೋದು" ಅಂದ. "ಹಂಗಾದ್ರ ನಮ್ದು ಎಲ್ಲಿ ಅದ?" ಅಂದೆ. ಮುತ್ಯಾ ಮಾತಾಡಲಿಲ್ಲ. ಕೈಯೆತ್ತಿ ಆಕಾಶ ತೋರಿಸಿದ.

ನಾನಿಲ್ಲಿ ಬಿಡಿಸಿ ಹೇಳಬೇಕೆಂದಿರುವುದು ಆ ಮೇಲೆತ್ತಿದ ಕೈಯ ಬಗ್ಗೆ. ಕ್ರೈಸ್ತ ಧರ್ಮ ನಮ್ಮ ಹಿರಿಯರಿಗೆ ಎರಡು ಮಾತು ಕೊಟ್ಟಿತು. ಒಂದು, ನೀನು ದೇವರ ಮಗ. ಎರಡು, ಮಗನಾದ್ದರಿಂದ ನೀನು ಬಾಧ್ಯ. ಮೊದಲನೆಯದು ಅಸ್ಮಿತೆಯ ಮಾತು, ಎರಡನೆಯದು ಪಾಲಿನ ಮಾತು. ನಮ್ಮ ಕೇರಿಗಳಲ್ಲಿ ದೇವಪುತ್ರಪ್ಪ, ಆಶೀರ್ವಾದಪ್ಪ ಅನ್ನುವಂಥ ಹೆಸರುಗಳು ಹುಟ್ಟಿದ್ದು ಈ ನಂಬಿಕೆಯಿಂದಲೇ. ನಾಯಿಯನ್ನು ಕರೆದಂತೆ ಕರೆಸಿಕೊಳ್ಳುತ್ತಿದ್ದವನಿಗೆ ಅಂಥ ಹೆಸರು ಸಿಕ್ಕಿದ್ದು ಸಣ್ಣ ಸಂಗತಿ ಅಂತ ಯಾರೂ ಅಂದುಕೊಳ್ಳಬಾರದು. ಆದರೆ ಹೆಸರು ಬಂತು, ಪಾಲು ಬರಲಿಲ್ಲ.

ಕನ್ನಡ ಬೈಬಲ್ಲಿನಲ್ಲಿ ಬಾಧ್ಯ ಅಂದರೆ ವಾರಸುದಾರ. ಇವತ್ತಿನ ಕನ್ನಡದಲ್ಲಿ ಬಾಧ್ಯತೆ ಅಂದರೆ ತೀರಿಸಲೇಬೇಕಾದ ಹೊಣೆ. ದಸ್ತಾವೇಜು ಬರೆಯುವವರು ಎರಡನ್ನೂ ಸೇರಿಸಿ 'ಹಕ್ಕುಬಾಧ್ಯತೆ' ಅಂತ ಬರೆಯುತ್ತಾರೆ. ನನ್ನ ವಾದ ಇಷ್ಟೆ: ದಲಿತ ಕ್ರೈಸ್ತನಿಗೆ ಈ ಜೋಡಿಪದದ ಹಿಂದಿನ ಅರ್ಧ ಸಿಗಲಿಲ್ಲ. ಮುಂದಿನ ಅರ್ಧ ಮಾತ್ರ ತಲೆಯ ಮೇಲೆ ಉಳಿಯಿತು.

2

ಬೈಬಲ್ಲಿನಲ್ಲಿ ಸ್ವಾಸ್ತ್ಯ ಮೊದಲಿಗೆ ಆಧ್ಯಾತ್ಮಿಕ ಶಬ್ದವೇ ಅಲ್ಲ. ಅದು ಮಣ್ಣಿನ ಶಬ್ದ. ಐಗುಪ್ತದ ಬಿಟ್ಟಿಚಾಕರಿಯಿಂದ ಹೊರಬಂದ ಜನಕ್ಕೆ ಯೆಹೋಶುವನ ಕಾಲದಲ್ಲಿ ಚೀಟಿ ಹಾಕಿ ನೆಲ ಹಂಚಿದ ಕತೆ ಅಲ್ಲಿದೆ. ನಾಬೋತ ಅನ್ನುವವನು ತನ್ನ ದ್ರಾಕ್ಷಿತೋಟವನ್ನು ಅರಸನಿಗೂ ಕೊಡಲಿಲ್ಲ. ಅದು ಹಿರಿಯರಿಂದ ಬಂದದ್ದು, ಮಾರುವಂಥದ್ದಲ್ಲ ಅಂದ. ಸುಳ್ಳುಸಾಕ್ಷಿ ಹುಟ್ಟಿಸಿ ಅವನನ್ನು ಕಲ್ಲೆಸೆದು ಕೊಂದರು. ಊರ ಯಜಮಾನನ ಕಣ್ಣು ಬಿದ್ದ ತುಂಡು ಹೊಲ ಏನಾಗುತ್ತದೆ ಅನ್ನುವುದು ನಮ್ಮವರಿಗೆ ಪಾದ್ರಿ ಹೇಳಿ ತಿಳಿಯಬೇಕಾದ್ದಲ್ಲ.

ಲೇವಿಯರೆಂಬ ಯಾಜಕ ಕುಲಕ್ಕೆ ಮಾತ್ರ ಹಾಗೆ ನೆಲ ಹಂಚಲಿಲ್ಲ. ದೇವರೇ ಅವರ ಸ್ವಾಸ್ತ್ಯ ಅಂತ ಹೇಳಲಾಯಿತು. ನಮ್ಮ ಕಡೆ ಈ ಭಾಗವನ್ನು ಬಹಳ ಸಲ ಬೋಧಿಸಿದ್ದಾರೆ. ಹೊಲ ಇಲ್ಲದಿದ್ದರೇನು, ದೇವರೇ ನಿಮ್ಮ ಹೊಲ. ಆದರೆ ಅರಣ್ಯಕಾಂಡವನ್ನು ಪೂರ್ತಿ ಓದಿದರೆ ತಿಳಿಯುತ್ತದೆ, ಲೇವಿಯರಿಗೆ 48 ಊರುಗಳನ್ನು ಕೊಟ್ಟಿದ್ದರು. ಊರ ಸುತ್ತ ದನ ಮೇಯಲು ಗೋಮಾಳ ಇತ್ತು. ಮೇಲೆ ಎಲ್ಲರ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು. ಈ ಲೆಕ್ಕವನ್ನು ಬೋಧನೆಯಲ್ಲಿ ನಾನು ಕೇಳಿದ್ದು ನೆನಪಿಲ್ಲ.

ಹೊಸ ಒಡಂಬಡಿಕೆಯಲ್ಲಿ ಪೌಲನು ಇದೇ ಶಬ್ದವನ್ನು ಹಿಡಿದು ಇನ್ನೂ ದೊಡ್ಡ ಮಾತು ಹೇಳುತ್ತಾನೆ. ಅಬ್ರಹಾಮನಿಗೆ ಕೊಟ್ಟ ವಾಗ್ದಾನ ರಕ್ತಸಂಬಂಧಿಗಳಿಗೆ ಮಾತ್ರ ಸೇರಿದ್ದಲ್ಲ, ನಂಬಿದವರಿಗೆಲ್ಲ ಸೇರಿದ್ದು. ಅಲ್ಲಿ ಯೆಹೂದ್ಯನೂ ಗ್ರೀಕನೂ, ಆಳೂ ಒಡೆಯನೂ ಒಂದೇ ಅನ್ನುವುದು ಅವನ ವಾದ. ಇದಕ್ಕೆ ಅವನು ಬಳಸಿಕೊಂಡದ್ದು ದತ್ತಕದ ಹೋಲಿಕೆ. ರೋಮನ್ನರಲ್ಲಿ ದತ್ತು ಹೋದವನು ಹಳೇ ಮನೆಯ ಯಜಮಾನನ ಹಂಗು ಕಳಚಿಕೊಂಡು, ಹೊಸ ಮನೆಯ ಹೆಸರಿಗೂ ಆಸ್ತಿಗೂ ಹುಟ್ಟುಮಗನಷ್ಟೇ ಹಕ್ಕುದಾರನಾಗುತ್ತಿದ್ದ. ಅಂದರೆ ಹುಟ್ಟು ಏನನ್ನೂ ತೀರ್ಮಾನಿಸುವುದಿಲ್ಲ. ಜಾತಿಯ ಬುಡಕ್ಕೇ ಕೊಡಲಿ ಹಾಕುವ ಮಾತಿದು. ನಮ್ಮ ಕಡೆ ಮೆಥೋಡಿಸ್ಟ್ ಮಿಷನ್ನಿನ ಕಾಲದಲ್ಲಿ ಮಾದಿಗ ಕೇರಿಗಳು ಗುಂಪುಗುಂಪಾಗಿ ಕ್ರೈಸ್ತರಾದದ್ದು ಬರೀ ಗೋಧಿ, ಹಾಲಿನಪುಡಿಗೆ ಅನ್ನುವವರು ಈ ಮಾತಿನ ಸೆಳೆತವನ್ನು ಒಮ್ಮೆ ಯೋಚಿಸಬೇಕು.

3

ದತ್ತು ಹೋದವನಿಗೆ ಎರಡು ಆಗಬೇಕು. ಹಳೇ ಮನೆಯ ಹಂಗು ಹರಿಯಬೇಕು, ಹೊಸ ಮನೆಯ ಪಾಲು ದಕ್ಕಬೇಕು. ನಮಗೆ ಏನಾಯಿತು ಅನ್ನುವುದನ್ನು ಮೊದಲು ಸರ್ಕಾರದ ಕಡೆಯಿಂದ ನೋಡೋಣ.

1850ರಲ್ಲಿ ಕಂಪನಿ ಸರ್ಕಾರ ಒಂದು ಕಾಯ್ದೆ ತಂದಿತು. ಧರ್ಮ ಬಿಟ್ಟದ್ದಕ್ಕಾಗಲಿ, ಜಾತಿಯಿಂದ ಹೊರಹಾಕಿದ್ದಕ್ಕಾಗಲಿ ಯಾರೂ ಪಿತ್ರಾರ್ಜಿತದ ಹಕ್ಕು ಕಳೆದುಕೊಳ್ಳಬಾರದು ಅನ್ನುವುದು ಅದರ ಸಾರ. ಇದರಿಂದ ಉಪಯೋಗವಾದದ್ದು ಯಾರಿಗೆ? ಪಿತ್ರಾರ್ಜಿತ ಇದ್ದವರಿಗೆ. ಸರಿಯಾಗಿ ನೂರು ವರ್ಷದ ಮೇಲೆ, 1950ರಲ್ಲಿ, ಪರಿಶಿಷ್ಟ ಜಾತಿಗಳ ಬಗ್ಗೆ ರಾಷ್ಟ್ರಪತಿಗಳ ಆದೇಶ ಬಂತು. ಅದರ 3ನೇ ಕಂಡಿಕೆ ಹಿಂದೂ ಅಲ್ಲದವರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತೆಗೆದುಕೊಂಡರು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. ಧರ್ಮ ಬಿಟ್ಟ ಜಮೀನ್ದಾರನ ಆಸ್ತಿಯನ್ನು 1850ರ ಕಾಯ್ದೆ ಕಾಪಾಡಿತು. ಧರ್ಮ ಬಿಟ್ಟ ಮಾದಿಗನಿಗೆ ಸಂವಿಧಾನ ಕೊಟ್ಟಿದ್ದ ಒಂದೇ ಆಸ್ತಿಯನ್ನು 1950ರ ಆದೇಶ ಕಿತ್ತುಕೊಂಡಿತು. ಪರಿಶಿಷ್ಟ ಜಾತಿ ಪ್ರಮಾಣಪತ್ರ ಇಲ್ಲದವನಿಗೆ ದೌರ್ಜನ್ಯ ತಡೆಗೆಂದು ಬಂದ 1989ರ ಕಾಯ್ದೆಯ ಆಸರೆಯೂ ಇಲ್ಲ.

ಮದ್ರಾಸಿನಲ್ಲಿ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬುವರು ಆದಿ ದ್ರಾವಿಡ ಕ್ರೈಸ್ತರು. ಹಿಂದೂ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಗೂಡಂಗಡಿ ಕೊಟ್ಟಾಗ ಇವರಿಗೆ ಸಿಗಲಿಲ್ಲ. ಸುಪ್ರೀಂ ಕೋರ್ಟಿನ ತನಕ ಹೋದರು. ಮತಾಂತರದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಮುಂದುವರಿದಿದೆ ಅನ್ನುವುದಕ್ಕೆ ಪುರಾವೆ ಸಾಲದೆಂದು 1985ರಲ್ಲಿ ಕೋರ್ಟು ಅರ್ಜಿ ತಳ್ಳಿಹಾಕಿತು. ಅದೇ ಕಸುಬು, ಅದೇ ರಸ್ತೆ, ಅದೇ ಚಪ್ಪಲಿ. ಬೇರೆ ಇದ್ದದ್ದು ಪ್ರಾರ್ಥನೆ ಮಾತ್ರ.

ಇನ್ನೊಂದು ಕತೆ ನಮ್ಮ ರಾಜ್ಯದ್ದೇ. ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ 1967ರಲ್ಲಿ ಗೆದ್ದ ರಾಜಗೋಪಾಲ್ ಅವರ ಆಯ್ಕೆಯನ್ನು ಎದುರಾಳಿ ಆರುಮುಗಂ ಪ್ರಶ್ನಿಸಿದರು. ರಾಜಗೋಪಾಲ್ 1949ರಲ್ಲಿ ಕ್ರೈಸ್ತರಾಗಿದ್ದರು, ಆಮೇಲೆ ಹಿಂದೂ ಧರ್ಮಕ್ಕೆ ಮರಳಿದ್ದರೂ ಜಾತಿ ಮರಳಿ ಬಂದದ್ದಕ್ಕೆ ಆಧಾರವಿಲ್ಲವೆಂದು ಆಯ್ಕೆ ರದ್ದಾಯಿತು. 1972ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು, ಮತ್ತೆ ಮೊಕದ್ದಮೆ. ಈ ಸಲ ಆದಿ ದ್ರಾವಿಡ ಸಮುದಾಯ ಅವರನ್ನು ತನ್ನವನೆಂದು ಒಪ್ಪಿಕೊಂಡಿದೆ, ಆದ್ದರಿಂದ ಜಾತಿ ಮರಳಿದೆ ಎಂದು ಸುಪ್ರೀಂ ಕೋರ್ಟು ಹೇಳಿತು. ಮುಂದೆ 1984ರಲ್ಲಿ ವರದಿಯಾದ ಮತ್ತೊಂದು ತೀರ್ಪಿನಲ್ಲಿ ಈ ವಿಚಾರಕ್ಕೆ ಒಂದು ಹೋಲಿಕೆಯೂ ಸಿಕ್ಕಿತು: ಮತಾಂತರವಾದಾಗ ಜಾತಿಗೆ ಗ್ರಹಣ ಹಿಡಿಯುತ್ತದೆ, ಮರಳಿದಾಗ ಬಿಡುತ್ತದೆ. 2015ರಲ್ಲಿ ಕೇರಳದ ಪ್ರಕರಣವೊಂದರಲ್ಲಿ, ಕ್ರೈಸ್ತ ಮನೆಯಲ್ಲಿ ಹುಟ್ಟಿ ಹಿಂದೂ ಧರ್ಮಕ್ಕೆ ಮರಳಿದವರಿಗೂ ಹಿರಿಯರ ಜಾತಿ ದಕ್ಕಿತು.

ಈ ಗ್ರಹಣದ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಗ್ರಹಣದಲ್ಲಿ ಸೂರ್ಯ ಎಲ್ಲೂ ಹೋಗಿರುವುದಿಲ್ಲ. ಹಾಗಾದರೆ ಕ್ರೈಸ್ತನಾಗಿದ್ದಾಗಲೂ ನನ್ನ ಜಾತಿ ನನ್ನೊಳಗೇ ಇದೆ ಅಂತ ಕಾನೂನೇ ಒಪ್ಪಿದಂತಾಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಮತಾಂತರವಾದವನಿಗೆ ಮತಾಂತರದ ನಂತರ ಹುಟ್ಟಿದ ಮಕ್ಕಳು ಹಿಂದೂಗಳಾಗಿಲ್ಲದಿದ್ದರೆ ಹಿಂದೂ ನೆಂಟರ ಆಸ್ತಿಗೆ ವಾರಸುದಾರರಲ್ಲ. ಆಸ್ತಿ ಒಂದು ತಲೆಮಾರಿಗೆ ನಿಂತುಬಿಡುತ್ತದೆ. ಜಾತಿ ಮಾತ್ರ ಮೊಮ್ಮಗನ ತನಕ ಕಾದು ಕೂತಿರುತ್ತದೆ.

ಕಾಲೇಜು ಸೇರುವಾಗ ಪ್ರಮಾಣಪತ್ರಕ್ಕೆಂದು ಒಂದು ಕಚೇರಿಗೆ ಹೋಗಿದ್ದೆ. ಗುಮಾಸ್ತರು ನನ್ನ ಹೆಸರು ಓದಿ "ಕ್ರಿಶ್ಚನ್ ಆದ ಮ್ಯಾಲ ನೀ ಎಸ್ಸಿ ಹೆಂಗಾಗ್ತಿ?" ಅಂದರು. ಅದೇ ಸಂಜೆ ಊರಿನ ಹೋಟೆಲಿನಲ್ಲಿ ನನಗೆ ಚಹಾ ಬಂದದ್ದು ಬೇರೆ ಕಪ್ಪಿನಲ್ಲಿ. ಹೋಟೆಲಿನವನಿಗೆ ಗ್ರಹಣದ ಸುದ್ದಿ ಮುಟ್ಟಿರಲಿಲ್ಲ.

4

ಹೊಸ ಮನೆಯಲ್ಲಾದರೂ ಪಾಲು ಸಿಕ್ಕಿತೆ? ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಒಂದೇ ಬಲಿಪೀಠಕ್ಕೆ ಎರಡು ಕವಲಿನ ಚರ್ಚು ಕಟ್ಟಿ, ಮೇಲಿನವರನ್ನೂ ಕೆಳಗಿನವರನ್ನೂ ಬೇರೆ ಬೇರೆ ಕೂರಿಸುತ್ತಿದ್ದರು. ಆ ಗೋಡೆ ಬಿದ್ದದ್ದು 1910ರಲ್ಲಿ. ಎಲ್ಲ ಗೋಡೆಗಳೂ ಇಟ್ಟಿಗೆಯವಲ್ಲ. ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ, ಚಾರೋಡಿ, ಶುದಿರ್ ಅನ್ನುವ ಗುರುತು ಮದುವೆ ಮಾತಿನಲ್ಲಿ ಶತಮಾನಗಳ ಕಾಲ ನಡೆದು ಬಂದಿದೆ. ಸಭೆಯೊಳಗೆ ಅಸ್ಪೃಶ್ಯತೆ ಇದೆಯೆಂದು ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಯೇ 2016ರ ತನ್ನ ನೀತಿಪತ್ರದಲ್ಲಿ ಒಪ್ಪಿಕೊಂಡಿತು. ದಲಿತರೊಬ್ಬರು, ಹೈದರಾಬಾದಿನ ಆಂತೊನಿ ಪೂಲ, ಮೊದಲ ಬಾರಿಗೆ ಕಾರ್ಡಿನಲ್ ಆದದ್ದು 2022ರಲ್ಲಿ.

2025ರಲ್ಲಿ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಹೊರಟಾಗ, ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿಸಿದ ಹೆಸರುಗಳು ಪಟ್ಟಿಯಲ್ಲಿವೆ ಎಂದು ದೊಡ್ಡ ಗದ್ದಲವಾಯಿತು. ಕ್ರೈಸ್ತರಲ್ಲಿ ಜಾತಿಯೇ ಇಲ್ಲ ಅನ್ನುವ ವಾದ ಆಗ ಜೋರಾಗಿ ಕೇಳಿಸಿತು. ಈ ವಾದವನ್ನು ಹೊರಗಿನವರು ಹೇಳುವುದು ನಮ್ಮನ್ನು ಪಟ್ಟಿಯಿಂದ ದೂರ ಇಡಲಿಕ್ಕೆ. ಸಭೆಯ ಯಜಮಾನರು ಹೇಳುವುದು ತಮ್ಮ ಮನೆಯ ಕಸ ಮುಚ್ಚಲಿಕ್ಕೆ. ಇಬ್ಬರ ನಡುವೆ ನುಜ್ಜಾಗುವವನು ನಮ್ಮೋನು.

ಅಂಬೇಡ್ಕರ್ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಅವರ ಇಂಗ್ಲಿಷ್ ಬರಹಗಳ 5ನೇ ಸಂಪುಟದಲ್ಲಿ ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯ ಬಗ್ಗೆ ಬರಹಗಳಿವೆ. ಮನುಷ್ಯನ ದುರ್ಗತಿಗೆ ಅವನ ಪಾಪವೇ ಕಾರಣ ಅಂತ ಕಲಿತವನು ಸಮಾಜದ ಅನ್ಯಾಯದ ಮೇಲೆ ಏಕೆ ಸಿಡಿದೇಳುತ್ತಾನೆ ಅನ್ನುವುದು ಅವರ ತಕರಾರಿನ ತಿರುಳು. ನನ್ನ ಮುತ್ಯಾನ ಕೈ ಆಕಾಶಕ್ಕೆ ಏಕೆ ಹೋಯಿತು ಅನ್ನುವುದಕ್ಕೆ ಇಷ್ಟು ನೇರ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

5

ಹಾಗಾದರೆ ಈ ನಂಬಿಕೆಯನ್ನೇ ಬಿಟ್ಟುಬಿಡಬೇಕೆ ಎಂದು ದಲಿತ ಚಳವಳಿಯ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಬಿಟ್ಟವರೂ ಇದ್ದಾರೆ. ನಾನು ಬಿಡದೆ ಇರುವುದಕ್ಕೆ ಒಂದು ಕಾರಣ, ಇದರೊಳಗೇ ನಡೆದ ಒಂದು ಜಗಳ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಬಗ್ಗೆ ಮಾತಾಡಿದರು. ಅದೇ ಮುಂದೆ ದಲಿತ ದೇವತಾಶಾಸ್ತ್ರವಾಗಿ ಬೆಳೆಯಿತು. ಧರ್ಮೋಪದೇಶಕಾಂಡದಲ್ಲಿ ಇಸ್ರಾಯೇಲ್ಯನು ಸುಗ್ಗಿಯ ಮೊದಲ ಫಲ ತಂದಾಗ ತನ್ನ ಅಲೆಮಾರಿ ಮೂಲಪುರುಷನನ್ನು ನೆನೆಯಬೇಕು ಅಂತ ಇದೆ. ನಿರ್ಮಲ್ ಇದನ್ನು ದಲಿತನ ಬಾಯಿಗೆ ಕೊಟ್ಟು, ನಮ್ಮ ಹಿರಿಯನಿಗೆ ಅಲೆಯುವ ಸ್ವಾತಂತ್ರ್ಯವೂ ಇರಲಿಲ್ಲ ಅನ್ನುವುದನ್ನು ಎತ್ತಿ ತೋರಿಸಿದರು.

ಇದರ ಅರ್ಥ ದೊಡ್ಡದು. ಮಿಷನ್ನಿನ ಹಳೇ ಬೋಧನೆಯಲ್ಲಿ ದೇವರ ಮಗನಾಗಬೇಕಾದರೆ ಅಪ್ಪ, ಅಜ್ಜಂದಿರನ್ನು ಮರೆಯಬೇಕಾಗಿತ್ತು. ಅವರೆಲ್ಲ ಕತ್ತಲೆಯವರು. ನಮ್ಮ ಕೇರಿಯಲ್ಲಿ ದೀಕ್ಷಾಸ್ನಾನವಾದ ಮೇಲೆ ಹಲಗೆ ಮುಟ್ಟುವಂತಿರಲಿಲ್ಲ, ಅದು ಸೈತಾನನ ವಾದ್ಯ. ಊರು ಆ ಹಲಗೆಯನ್ನು ಹೊಲಸೆಂದಿತು, ಚರ್ಚು ಪಾಪವೆಂದಿತು. ನಮ್ಮ ಕೈಯಲ್ಲಿದ್ದ ಒಂದೇ ಪಿತ್ರಾರ್ಜಿತವನ್ನು ಎರಡೂ ಮನೆಯವರು ಸೇರಿ ಕಸಿದರು. ಸತ್ಯನಾಥನ್ ಕ್ಲಾರ್ಕ್ 1998ರಲ್ಲಿ ಪರೈಯರ ತಮಟೆಯನ್ನೇ ದೇವರ ಅರಿವಿನ ದಾರಿಯಾಗಿ ಓದಿದ ಮೇಲೆ ದೇವತಾಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಪುಸ್ತಕಕ್ಕೆ ಬಂದದ್ದು ಬಲಿಪೀಠದ ಹತ್ತಿರಕ್ಕೂ ಬರಬೇಕು. ಹೊಸ ಮನೆಯ ಮಗನಾಗಲಿಕ್ಕೆ ಹಳೇ ಮನೆಯ ನೋವನ್ನು ಸುಳ್ಳೆನ್ನಬೇಕಾಗಿಲ್ಲ. ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲೇ ತಾಮಾರಳೂ ರಹಾಬಳೂ ಮೋವಾಬಿನ ರೂತಳೂ ಇದ್ದಾರೆ. ಕುಲೀನರು ಮುಚ್ಚಿಡುವಂಥ ಹೆಸರುಗಳವು. ಅಲ್ಲಿ ಮುಚ್ಚಿಟ್ಟಿಲ್ಲ.

6

3ನೇ ಕಂಡಿಕೆಯನ್ನು ತೆಗೆದುಹಾಕಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ವರದಿ ಕೊಟ್ಟಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಮತ್ತೆ ಅದೇ ವಿಷಯಕ್ಕೆ ನೇಮಿಸಿದರು. ಪಟ್ಟಿಗೆ ಹೊಸಬರು ಬಂದರೆ ಇದ್ದವರ ಪಾಲು ಕರಗುತ್ತದೆ ಅನ್ನುವ ಭಯ ನಮ್ಮ ಅಣ್ಣತಮ್ಮಂದಿರಲ್ಲೇ ಇದೆ. ಆ ಭಯ ಸುಳ್ಳಲ್ಲ. ಆದರೆ ರೊಟ್ಟಿ ಸಣ್ಣದಿದೆ ಅಂತ ಒಬ್ಬ ತಮ್ಮನನ್ನು ಹೊರಗೆ ನಿಲ್ಲಿಸುವುದಕ್ಕಿಂತ, ರೊಟ್ಟಿ ದೊಡ್ಡದಾಗಲಿ ಅಂತ ಒಟ್ಟಿಗೆ ಕೇಳುವುದು ಮೇಲು. ದಲಿತ ವಿಮರ್ಶೆಯೂ ಪರಂಪರೆಯ ಲೆಕ್ಕ ಹಾಕುವಾಗ ಚರ್ಚಿನ ಹಿಂದಿನ ಕೇರಿಯನ್ನು ಬಿಟ್ಟು ಎಣಿಸಬಾರದು.

ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ಐವರು ಅಕ್ಕತಂಗಿಯರ ಪ್ರಸಂಗವಿದೆ. ಅಪ್ಪ ಸತ್ತಿದ್ದಾನೆ, ಅಣ್ಣತಮ್ಮಂದಿರಿಲ್ಲ, ಹೆಣ್ಣುಮಕ್ಕಳಿಗೆ ಪಾಲಿಲ್ಲ. ಅವರು ಮನೆಯಲ್ಲಿ ಕೂತು ಆಕಾಶ ನೋಡಲಿಲ್ಲ. ಗುಡಾರದ ಬಾಗಿಲಿಗೆ ಬಂದು, ಮೋಶೆಯ ಮುಂದೆ, ಯಾಜಕರ ಮುಂದೆ, ಇಡೀ ಸಭೆಯ ಮುಂದೆ ನಿಂತು ನಮ್ಮಪ್ಪನ ಪಾಲು ಕೊಡಿ ಅಂದರು. ಅವರ ಮಾತು ನ್ಯಾಯ ಅಂತ ದೇವರೇ ಹೇಳಿದ, ಕಟ್ಟಳೆಯನ್ನು ತಿದ್ದಿದರು. ಸ್ವಾಸ್ತ್ಯದ ಬಗ್ಗೆ ನಮ್ಮ ಚರ್ಚಿನಲ್ಲಿ ಇನ್ನು ಮೇಲೆ ಬೋಧನೆ ಆಗುವುದಾದರೆ ಈ ಅಧ್ಯಾಯದಿಂದ ಆಗಲಿ.