ಹಿತ್ತಾಳೆಗೂ ವಯಸ್ಸಾಗುತ್ತದೆ

ಬ್ರಿಟಿಷರ ಕಾಲದ ಭಾರತದಲ್ಲಿ ಸೈನ್ಯಕ್ಕೊಂದು ತಲೆನೋವಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳ ಹಿತ್ತಾಳೆ ಕೇಸುಗಳು ಯಾರೂ ಮುಟ್ಟದೆಯೇ ಸೀಳು ಬಿಡುತ್ತಿದ್ದವು. ಕಾರಣ ಸ್ಪಷ್ಟವಾದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರಿಂದ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತೇವದ ಗಾಳಿಯೊಂದಿಗೆ ಸೇರಿ ಹಿತ್ತಾಳೆಯನ್ನು ಕೊರೆಯುತ್ತಿತ್ತು. ಕೇಸನ್ನು ಎಳೆದು ರೂಪಿಸುವಾಗ ಲೋಹದೊಳಗೆ ಉಳಿದುಹೋದ ಬಿಗಿತ ಆ ಸೀಳನ್ನು ಅಗಲಿಸುತ್ತಿತ್ತು.

ತನಗೆ ಬಿದ್ದ ಪೆಟ್ಟನ್ನೆಲ್ಲ ಹಿತ್ತಾಳೆ ಒಳಗೇ ಇಟ್ಟುಕೊಳ್ಳುತ್ತದೆ. ಸುಟ್ಟ ಕೇಸಿಗೆ ಮತ್ತೆ ಮದ್ದು ತುಂಬುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಅಮೆರಿಕದಲ್ಲಿ ಈ ರೂಢಿ ಹಳೆಯದು. 19ನೇ ಶತಮಾನದಲ್ಲಿ ಅಲ್ಲಿನ ಹುಲ್ಲುಗಾವಲುಗಳಲ್ಲಿ ಕಾಡೆಮ್ಮೆ ಬೇಟೆಗೆ ಹೋದವರು ಬಿಡಾರದಲ್ಲೇ ಕೂತು ತೋಟಾ ತುಂಬಿಕೊಳ್ಳುತ್ತಿದ್ದರು. ಇಂದು ಗುರಿ ಸ್ಪರ್ಧೆಯವರೂ ಬೇಟೆಗಾರರೂ ಮನೆಯ ಮೇಜಿನ ಮೇಲೆ ಅದನ್ನೇ ಮಾಡುತ್ತಾರೆ. ಈಡಾದ ಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಮುಗಿದಿರುತ್ತದೆ. ಉಳಿಯುವುದು ಕೇಸ್ ಒಂದೇ. ತೋಟಾದಲ್ಲಿ ಬೆಲೆಬಾಳುವ ಭಾಗವೂ ಅದೇ. ಹಾಗಾಗಿ ಇನ್ನೊಂದು ಸಲ, ಮತ್ತೊಂದು ಸಲ ಎಂಬ ಆಸೆ ಸಹಜ.

ಆದರೆ ಪ್ರತಿ ಈಡಿಗೂ ಕೇಸ್ ಬೆಲೆ ತೆರುತ್ತದೆ. .308 ವಿಂಚೆಸ್ಟರ್ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಆ ಒತ್ತಡಕ್ಕೆ ಕೇಸ್ ಉಬ್ಬಿ, ರೈಫಲ್‌ನಲ್ಲಿ ತೋಟಾ ಕೂರುವ ಚೇಂಬರಿನ ಗೋಡೆಗೆ ಅಂಟಿ, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮುಂಭಾಗ ಗೋಡೆಗೆ ಕಚ್ಚಿಕೊಂಡಿರುವಾಗ ದಪ್ಪನೆಯ ಬುಡ ಹಿಂದಕ್ಕೆ ಸರಿದು, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿಗೆ ಒರಗುತ್ತದೆ. ಎಳೆತ ಬೀಳುವುದು ಇವೆರಡರ ನಡುವೆ, ಬುಡದಿಂದ ತುಸು ಮೇಲೆ. ಉಬ್ಬಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಾದ ಡೈಗೆ ಹಾಕಿ, ಕತ್ತಿನ ಕೆಳಗಿನ ಇಳಿಜಾರಾದ ಭುಜವನ್ನು ಅಗತ್ಯಕ್ಕಿಂತ ಹಿಂದಕ್ಕೆ ತಳ್ಳಿದಷ್ಟೂ ಮುಂದಿನ ಈಡಿನಲ್ಲಿ ಈ ಎಳೆತ ಹೆಚ್ಚು. ಅಲ್ಲಿ ಲೋಹ ತೆಳುವಾಗುತ್ತ ಹೋಗಿ, ಒಂದು ದಿನ ಬುಡವೇ ಕಳಚುತ್ತದೆ. ಆಗ ಬಿಸಿ ಅನಿಲ ನುಗ್ಗುವುದು ರೈಫಲ್ ಹಿಡಿದವರ ಮುಖದ ಕಡೆಗೆ. ಲೀ-ಎನ್‌ಫೀಲ್ಡ್ ರೈಫಲ್‌ಗಳ ಚೇಂಬರ್ ಸಡಿಲ, ಅದಕ್ಕೇ ಅವುಗಳ .303 ಕೇಸುಗಳಲ್ಲಿ ಈ ತೊಂದರೆ ಚಿರಪರಿಚಿತ.

ಇದಕ್ಕೆ ಮುನ್ಸೂಚನೆ ಇರುತ್ತದೆ. ಹೊರಗೆ ಬುಡದ ಮೇಲ್ಭಾಗದಲ್ಲಿ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಅನುಮಾನ ಪಡಬೇಕು. ಗೆರೆ ಕಾಣದಿದ್ದರೂ ಒಳಗೆ ತಗ್ಗು ಬಿದ್ದಿರಬಹುದು. ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಚೂರು ಬಗ್ಗಿಸಿ, ಕೇಸಿನ ಒಳಗೋಡೆಗೆ ತಾಗಿಸಿ ಬುಡದಿಂದ ಮೇಲಕ್ಕೆ ಎಳೆದರೆ ಆ ತಗ್ಗಿಗೆ ತುದಿ ಸಿಕ್ಕಿಕೊಳ್ಳುತ್ತದೆ. ಒಂದು ಕೇಸನ್ನು ಉದ್ದಕ್ಕೆ ಸೀಳಿ ನೋಡಿದರೆ ಗೋಡೆ ಎಷ್ಟು ಸವೆದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಗುಂಡನ್ನು ಹಿಡಿದಿರುವ ಕತ್ತಿನ ಕಥೆ ಬೇರೆ. ಈಡಿಗೆ ಉಬ್ಬಿ, ಡೈಯಲ್ಲಿ ಕುಗ್ಗಿ, ಅದು ಗಡುಸಾಗುತ್ತದೆ; ಕೊನೆಗೆ ಸೀಳುತ್ತದೆ. ಬಡಿದು ಬಡಿದು ಗಡುಸಾದ ತಂಬಿಗೆಯನ್ನು ಕಂಚುಗಾರ ಕುಲುಮೆಯಲ್ಲಿ ಕಾಯಿಸಿ ಮೆದು ಮಾಡಿಕೊಳ್ಳುವಂತೆ ತೋಟಾ ತುಂಬುವವರೂ ಕತ್ತನ್ನು ಕಾಯಿಸುತ್ತಾರೆ. ಆದರೆ ಕಾವು ಕತ್ತು, ಭುಜ ದಾಟಬಾರದು. ಬುಡ ಮೆದುವಾದರೆ ಆ ಕೇಸ್ ಒತ್ತಡ ತಡೆಯಲಾರದು; ಅದನ್ನು ಮತ್ತೆ ಗಟ್ಟಿ ಮಾಡುವ ದಾರಿಯೂ ಇಲ್ಲ.

ಎಳೆತದಿಂದ ಕೇಸ್ ಉದ್ದವೂ ಆಗುತ್ತದೆ. .308 ಕೇಸಿನ ಗರಿಷ್ಠ ಉದ್ದ 51.18 ಮಿಲಿಮೀಟರ್. ಅದು ಮೀರಿದರೆ ಚೇಂಬರಿನ ತುದಿಯಲ್ಲಿ ಕತ್ತು ಇರುಕಿಕೊಂಡು ಗುಂಡನ್ನು ಬಿಗಿಹಿಡಿಯುತ್ತದೆ, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಅಳೆದು ಕತ್ತರಿಸುವುದು ಇದಕ್ಕಾಗಿ. ಇನ್ನು ಹೊಸ ಪ್ರೈಮರ್ ಪ್ರತಿರೋಧವೇ ಇಲ್ಲದೆ ಸಲೀಸಾಗಿ ಒಳಗೆ ಕೂತರೆ ಬುಡ ಹಿಗ್ಗಿದೆ ಎಂದರ್ಥ. ಅಂಥ ಕೇಸಿಗೆ ಚಿಕಿತ್ಸೆಯಿಲ್ಲ.

ಲಾಯದ ಪಾಠ ಇಲ್ಲೂ ಅನ್ವಯಿಸುತ್ತದೆ: ಅಮೋನಿಯಾ ಇರುವ ಪಾಲಿಶ್‌ನಿಂದ ಕೇಸ್ ಉಜ್ಜಬಾರದು. ಸುಟ್ಟ ಕೇಸುಗಳ ಧೂಳಿನಲ್ಲಿ ಪ್ರೈಮರಿನ ಸೀಸ ಇರುವುದರಿಂದ ಶುಚಿ ಮಾಡಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ ಎಂಬುದನ್ನೂ ಮರೆಯುವಂತಿಲ್ಲ.

ಒಂದು ಕೇಸನ್ನು ಎಷ್ಟು ಸಲ ಬಳಸಬಹುದು? ಎಲ್ಲಕ್ಕೂ ಹೊಂದುವ ಸಂಖ್ಯೆ ಇಲ್ಲ. ರೈಫಲ್, ಒತ್ತಡ, ಡೈ ಹೊಂದಿಸಿದ ರೀತಿ, ಇವುಗಳ ಮೇಲೆ ಆಯಸ್ಸು ನಿಂತಿದೆ. ಒಟ್ಟಿಗೆ ಕೊಂಡ ಕೇಸುಗಳನ್ನು ಒಟ್ಟಿಗೇ ಇಟ್ಟು, ಎಷ್ಟು ಸಲ ತುಂಬಿದ್ದೆಂದು ಡಬ್ಬಿಯ ಮೇಲೆ ಬರೆಯಬೇಕು. ಒಂದರ ಬುಡದಲ್ಲಿ ತಗ್ಗು ಸಿಕ್ಕರೆ ಉಳಿದವನ್ನೂ ಒಂದೊಂದಾಗಿ ಪರೀಕ್ಷಿಸಬೇಕು, ಏಕೆಂದರೆ ಅವೆಲ್ಲ ಒಂದೇ ಬದುಕು ಬದುಕಿದವು. ಅನುಮಾನ ಬಂದದ್ದನ್ನು ಇಕ್ಕಳದಿಂದ ಜಜ್ಜಿ ಗುಜರಿಗೆ ಹಾಕಬೇಕು. ಹಾಗೇ ಬಿಟ್ಟರೆ ಅದು ಇನ್ನೊಂದು ದಿನ ಒಳ್ಳೆಯ ಕೇಸುಗಳ ಜೊತೆ ಸೇರಿಬಿಡುತ್ತದೆ. ಮಿತವ್ಯಯ ಒಳ್ಳೆಯ ಗುಣ ನಿಜ, ಆದರೆ ಕಣ್ಣನ್ನು ಪಣಕ್ಕಿಟ್ಟು ಉಳಿಸಿದ ಕಾಸು ಉಳಿತಾಯವಲ್ಲ.