ಮಹಾನಗರದ ಮೇಜು, ಐಗಳಿಯ ದ್ರಾಕ್ಷಿ

ಅಥಣಿ ತಾಲೂಕಿನ ಐಗಳಿ, ತೆಲಸಂಗ ಭಾಗದ ರೈತರಿಗೆ ದ್ರಾಕ್ಷಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುಮಾರು ನಾಲ್ಕು ಕಿಲೋ ಹಸಿದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ ಕೈಗೆ ಬರುತ್ತದೆ. ಶೆಡ್ಡಿನ ಬಲೆಯ ಮೇಲೆ ಹರವಿದ ಹಣ್ಣು ಒಣಗುವ ದಿನಗಳಲ್ಲಿ ಅಕಾಲಿಕ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ದರವೂ ಬೀಳುತ್ತದೆ. ಮಹಾನಗರದ ರೆಸ್ಟೋರೆಂಟಿನಲ್ಲಿ ಅಂಗೈಯಗಲದ ತಟ್ಟೆಯೊಂದರ ಮೇಲೆ ನಾಲ್ಕು ಮಣೂಕ ಉದುರಿಸಿ, ಅದಕ್ಕೆ ಹಲವು ನೂರು ರೂಪಾಯಿ ಬೆಲೆ ಕಟ್ಟುವುದುಂಟು. ಈ ಎರಡು ಲೆಕ್ಕಗಳ ನಡುವೆ ನಮ್ಮ ಕುಟುಂಬಗಳು ಇಂದು ಬದುಕುತ್ತಿವೆ.

ಗಡಿಭಾಗದ ಅನೇಕ ಮನೆಗಳ ಯುವಕ ಯುವತಿಯರು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ದುಡಿಯುತ್ತಿದ್ದಾರೆ. ಶನಿವಾರ ಸಂಜೆ ಗೆಳೆಯರೊಡನೆ ಕುಳಿತ ಮೇಜಿನ ಚಿತ್ರವೊಂದು ಫೋನಿನ ಮೂಲಕ ಊರಿಗೆ ಬರುತ್ತದೆ. ಅದರಲ್ಲಿ ಹತ್ತು ನಗುಮುಖಗಳಿದ್ದರೂ ತಾಯಿಯ ಕಣ್ಣು ಮೊದಲು ಹೋಗುವುದು ಗ್ಲಾಸಿನ ಕಡೆಗೆ. ‘ನಮ್ಮ ಹುಡುಗ ಬಾರಿಗೆ ಹೊಂಟಾನ’ ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಬಳಿಕ ಫೋನಿನಲ್ಲಿ ಬೈಗುಳ, ಇಲ್ಲವೆ ಮೌನ.

ಆ ತಾಯಿಯ ಭಯ ಆಧಾರವಿಲ್ಲದ್ದಲ್ಲ. ಸಾರಾಯಿಯಿಂದಾಗಿ ವಾರದ ಕೂಲಿ ಮನೆಗೆ ಬಾರದೆ ಹೋದ ದಿನಗಳನ್ನು ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಮರೆತಿಲ್ಲ. ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈ 1ರಂದು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸದ ಉತ್ತೇಜನಕ್ಕೆ ರಾಜ್ಯದ ಹೊಸ ನೀತಿಯೂ ಬಂತು. ಕೂಲಿಕಾರನ ಪ್ಯಾಕೆಟ್ಟಿಗೆ ಬಾಗಿಲು ಮುಚ್ಚಿದ ವರ್ಷವೇ ಅನುಕೂಲಸ್ಥರ ಗ್ಲಾಸಿಗೆ ಬಾಗಿಲು ತೆರೆಯಿತು. ಆದರೆ ಎರಡರೊಳಗಿನ ಮದ್ಯಸಾರ ಒಂದೇ. ಯಕೃತ್ತಿಗೆ ಶ್ರೀಮಂತ, ಬಡವ ಎಂಬ ಭೇದ ತಿಳಿಯದು.

ಹಾಗಾದರೆ ಮಕ್ಕಳು ಕುಳಿತ ಆ ಮೇಜು ಎಂಥದು? ಬೆಂಗಳೂರಿನಲ್ಲಿ ಹೊರಗೆ ಉಣ್ಣುವ ರೂಢಿ ಹೊಸದಲ್ಲ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ 1940ರಲ್ಲಿ ಬೇಕರಿಯಾಗಿ ಆರಂಭವಾಗಿ, ಮುಂದೆ ಗಂಟೆಗಟ್ಟಲೆ ಹರಟೆಗೆ ಹೆಸರಾದ ರೆಸ್ಟೋರೆಂಟಾಯಿತು. ಇಂದಿರಾನಗರದಲ್ಲಿ 2010ರಲ್ಲಿ ತೆರೆದ ಟಾಯಿಟ್‌ನಂಥ ಕಡೆಗಳಲ್ಲಿ ಬಿಯರನ್ನು ಅಲ್ಲಿಯೇ ತಯಾರಿಸಿ ಬಡಿಸುತ್ತಾರೆ. ಈಚಿನ ರೆಸ್ಟೋರೆಂಟುಗಳಲ್ಲಿ ಒಬ್ಬರಿಗೊಂದು ಪೂರ್ಣ ಊಟದ ಬದಲು ಹಲವು ಕಿರುತಟ್ಟೆಗಳನ್ನು ಮೇಜಿನ ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳುವ ಕ್ರಮ ಬಂದಿದೆ. ಸ್ಪೇನ್ ದೇಶದಲ್ಲಿ ಇಂಥ ಕಿರುತಿನಿಸಿಗೆ ‘ತಾಪಾಸ್’ ಎಂದು ಹೆಸರು. ‘ತಾಪಾ’ ಎಂದರೆ ಮುಚ್ಚಳ.

ಈ ಕ್ರಮವನ್ನು ನಮ್ಮ ನಾಡಿನ ರುಚಿಗೆ ಒಗ್ಗಿಸಿದವರಲ್ಲಿ ಗೋವೆಯ ಮೂಲದ, ಮುಂಬಯಿಯಲ್ಲಿ ಹುಟ್ಟಿದ ಫ್ಲಾಯ್ಡ್ ಕಾರ್ಡೋಜ್ ಒಬ್ಬರು. ನ್ಯೂಯಾರ್ಕಿನಲ್ಲಿ ಹೆಸರು ಗಳಿಸಿದ ಈ ಬಾಣಸಿಗರು 2015ರಲ್ಲಿ ಸಂಗಡಿಗರೊಡನೆ ಮುಂಬಯಿಯ ಲೋವರ್ ಪರೇಲ್‌ನಲ್ಲಿ ಬಾಂಬೆ ಕ್ಯಾಂಟೀನ್ ತೆರೆದರು. ಊರಮನೆಗಳ ಧಾನ್ಯ, ಸೊಪ್ಪು, ಮಸಾಲೆಗಳಿಗೆ ಮಹಾನಗರದ ಮೇಜಿನಲ್ಲಿ ಮರ್ಯಾದೆಯ ಸ್ಥಾನ ಕೊಟ್ಟರು. 2020ರ ಮಾರ್ಚ್‌ನಲ್ಲಿ ಕೊರೊನಾ ಅವರನ್ನು ಒಯ್ದಿತು.

ನಡುವೆ ಇಟ್ಟ ತಟ್ಟೆಗೆ ಎಲ್ಲರೂ ಕೈ ಚಾಚುವ ಊಟ ನಮ್ಮವರಿಗೆ ಅಪರಿಚಿತವೇನಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಬುತ್ತಿ ಬಿಚ್ಚಿ, ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾಚಟ್ನಿಗಳನ್ನು ನೆರೆಹೊರೆಯವರೊಡನೆ ಹಂಚಿಕೊಳ್ಳುವವರಿಗೆ ಅದರ ಸುಖ ಗೊತ್ತು. ಆ ಸುಖವನ್ನು ತತ್ತ್ವಜ್ಞಾನವೂ ಅಲ್ಲಗಳೆಯುವುದಿಲ್ಲ. ಹಿತಮಿತವಾದ ವಿನೋದವನ್ನು ಅರಿಸ್ಟಾಟಲ್ ಸದ್ಗುಣಗಳ ಸಾಲಿನಲ್ಲಿಯೇ ಇಟ್ಟನು. 13ನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ಅದನ್ನು ಒಪ್ಪಿ, ಸದಾ ಹೆದೆಯೇರಿಸಿದ ಬಿಲ್ಲು ಮುರಿಯುತ್ತದೆಂಬ ಹಳೆಯ ದೃಷ್ಟಾಂತವನ್ನು ನೆನೆಯುತ್ತಾರೆ. ತಾನೂ ನಗದೆ, ನಗುವವರಿಗೂ ಅಡ್ಡಿಯಾಗುವವನ ನಡತೆಯನ್ನು ಅವರು ದೋಷವೆಂದೇ ಎಣಿಸುತ್ತಾರೆ. ಆದ್ದರಿಂದ ಮಕ್ಕಳು ನಕ್ಕರೆಂಬುದೇ ಆಕ್ಷೇಪಕ್ಕೆ ಕಾರಣವಾಗಬಾರದು.

ಪ್ರಶ್ನೆ ಇರುವುದು ಗ್ಲಾಸಿನೊಳಗೆ ಏನಿದೆ ಎಂಬುದರಲ್ಲಿ. ಕಾಕ್‌ಟೇಲಿನ ಸ್ವಭಾವವೇ ಮರೆಮಾಚುವುದು. ಹಣ್ಣಿನ ರಸ, ಸಕ್ಕರೆ, ಮಂಜುಗಡ್ಡೆಗಳ ಹಿಂದೆ ಮದ್ಯದ ಖಾರ ಅಡಗುತ್ತದೆ. ಲಾಂಗ್ ಐಲೆಂಡ್ ಐಸ್ಡ್ ಟೀ ಎಂಬುದರ ಹೆಸರಿನಲ್ಲಿ ಚಹಾ ಇದೆ. ರೂಢಿಯ ಪಾಕದಲ್ಲಿ ಚಹಾ ಇಲ್ಲ. ಅದರಲ್ಲಿರುವುದು ವೋಡ್ಕಾ, ಜಿನ್, ರಮ್, ಟಕೀಲಾ ಮತ್ತು ಕಿತ್ತಳೆಯ ಲಿಕರ್, ಹೀಗೆ ಐದು ಬಗೆಯ ಮದ್ಯ. ಊರಿನಿಂದ ಹೊಸದಾಗಿ ಹೋದ ಹುಡುಗಿ ಚಹಾ ಎಂದು ನಂಬಿ ತರಿಸಿಕೊಂಡರೆ ಆಶ್ಚರ್ಯವಿಲ್ಲ.

ಇಲ್ಲಿಯೂ ಅಕ್ವಿನಾಸರ ಮಾತು ನೆರವಿಗೆ ಬರುತ್ತದೆ. ಆದಿಕಾಂಡದ ನೋವ ದ್ರಾಕ್ಷಿತೋಟ ಹಾಕಿ, ದ್ರಾಕ್ಷಾರಸ ಕುಡಿದು ಮತ್ತನಾದ. ಪಾನೀಯದ ಬಲವನ್ನು ಅರಿಯದೆ ಮತ್ತನಾದವನ ಮೇಲೆ ದೋಷವಿಲ್ಲವೆಂದು ಹೇಳಿ, ನೋವನ ಪ್ರಸಂಗವನ್ನು ಅವರು ಹಾಗೆಯೇ ಅರ್ಥೈಸುತ್ತಾರೆ. ಬಲವನ್ನು ಅರಿತೂ ಮಿತಿ ಮೀರಿದವನಿಗೆ ಆ ರಿಯಾಯಿತಿ ಇಲ್ಲ. ದ್ರಾಕ್ಷಿ ಬೆಳೆಯುವ ನಾಡಿನ ಮಕ್ಕಳಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ: ಗ್ಲಾಸಿಗೆ ಏನು ಹಾಕುತ್ತೀರೆಂದು ವೇಟರನನ್ನು ಮೊದಲು ಕೇಳಬೇಕು. ಕೇಳುವುದು ಹಳ್ಳಿತನವಲ್ಲ, ವಿವೇಕ.

ಬೀದಿಗಿಳಿದ ಮೇಲೆ ಅರಿಯದವರಿಗೂ ರಿಯಾಯಿತಿ ಸಿಗದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಸಾರದೊಡನೆ ವಾಹನ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ದಂಡ ಕಟ್ಟಿ ಮುಗಿಸಬಹುದು. ಬೈಕಿನ ಹಿಂದೆ ಕುಳಿತಿದ್ದ ಗೆಳೆಯನ ತಾಯಿಗೆ ಉತ್ತರ ಹೇಳಲಾಗದು.

ಊಟ ಮುಗಿದಾಗ ಬರುವ ಬಿಲ್ಲಿನಲ್ಲಿಯೂ ನೀತಿಯ ಪ್ರಶ್ನೆಯೊಂದು ಅಡಗಿದೆ. ಎಂಟು ಜನ ಕುಳಿತ ಮೇಜಿನಲ್ಲಿ ಆರು ಜನ ಮೂರು ಮೂರು ಗ್ಲಾಸು ತರಿಸಿ, ಇಬ್ಬರು ಬರಿಯ ನಿಂಬೆ ಪಾನಕ ಕುಡಿದಿದ್ದರೂ ಲೆಕ್ಕವನ್ನು ಎಂಟು ಸಮಪಾಲು ಮಾಡುವುದು ರೂಢಿ. ಸಂಬಳದ ಅರ್ಧ ಊರಿಗೆ ಕಳಿಸುವ ಹುಡುಗ ಮರುವಾರ ನೆಪ ಹೇಳಿ ಕೋಣೆಯಲ್ಲಿ ಉಳಿಯುತ್ತಾನೆ. ಒಂದೇ ಸಭೆಯಲ್ಲಿ ಒಬ್ಬನು ಹಸಿದಿರುವಾಗ ಮತ್ತೊಬ್ಬನು ಮತ್ತನಾಗುವುದನ್ನು ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದಲ್ಲಿ ಖಂಡಿಸಿದ್ದು ಇಂಥದೇ ಮೇಜಿನ ಸುದ್ದಿ ಕೇಳಿ. ತಟ್ಟೆ ಹಂಚಿಕೊಂಡವರು ಲೆಕ್ಕವನ್ನೂ ನ್ಯಾಯವಾಗಿ ಹಂಚಿಕೊಳ್ಳಲಿ; ಕುಡಿದವರು ಕುಡಿದದ್ದಕ್ಕೆ ತೆರಲಿ. ಬಿಲ್ಲಿನಲ್ಲಿರುವ ಸರ್ವಿಸ್ ಚಾರ್ಜ್ ಕಡ್ಡಾಯವಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ತಡರಾತ್ರಿಯವರೆಗೆ ನಿಂತೇ ಬಡಿಸಿದ ಹುಡುಗನೂ ಯಾರದೋ ಹಳ್ಳಿಯ ಮಗನೆಂಬುದನ್ನು ನೆನೆದು, ಅವನ ಕೈಗೆ ಇಷ್ಟು ಇತ್ತು ಬರುವುದು ಒಳ್ಳೆಯ ನಡತೆ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಮೇಜಿನ ಚಿತ್ರ ಬಂದಾಗ ಗ್ಲಾಸನ್ನು ನೋಡಿ ಬೈಯುವ ಮುನ್ನ, ಯಾರು ಯಾರು ಕುಳಿತಿದ್ದಿರಿ, ಏನೇನು ಉಂಡಿರಿ, ಮನೆಗೆ ಹೇಗೆ ಮರಳಿದಿರಿ ಎಂದು ಕೇಳಿರಿ. ಬೈಗುಳಕ್ಕೆ ಹೆದರಿದ ಮಗ ಚಿತ್ರ ಕಳಿಸುವುದನ್ನು ನಿಲ್ಲಿಸುತ್ತಾನೆ, ಅಲ್ಲಿಗೆ ಹೋಗುವುದನ್ನಲ್ಲ. ಮಾತು ಉಳಿದಲ್ಲಿ ಎಚ್ಚರಿಕೆ ಹೇಳಲು ದಾರಿಯೂ ಉಳಿಯುತ್ತದೆ.